ಎರಡು ಸಲ ಅಹಮದಾಬಾದ್

ದೀಪಾವಳಿಗೆ ಎರಡು ದಿನ ಇರುವಾಗ ವರಾಛಾಕ್ಕೆ ಹೋದರೆ ಊರೇ ಗಂಟುಮೂಟೆ ಕಟ್ಟಿಕೊಂಡು ನಿಮ್ಮ ಎದುರು ಬರುತ್ತದೆ. ಸೂರತ್ತಿನ ಈ ಪೂರ್ವದ ಭಾಗದಲ್ಲಿ ಮನೆಗಿಂತ ವಜ್ರ ಉಜ್ಜುವ ಕಾರ್ಖಾನೆಗಳೇ ಹೆಚ್ಚೇನೋ ಅನ್ನಿಸುತ್ತದೆ. ದೀಪಾವಳಿಗೆ ಅವೆಲ್ಲಕ್ಕೂ ಮೂರು ವಾರದ ಹತ್ತಿರ ರಜೆ. ‘ಘಂಟಿ’ ಎಂದು ಅವರು ಕರೆಯುವ ಸಾಣೆಚಕ್ರಗಳು ನಿಲ್ಲುತ್ತವೆ. ಅಮ್ರೇಲಿ, ಭಾವನಗರ, ಜುನಾಗಢದ ಕಡೆಯ ರತ್ನಕಲಾಕಾರರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಖಾಸಗಿ ಬಸ್ಸು ಹತ್ತುತ್ತಾರೆ. ಆ ಗದ್ದಲ ಅಡಗಿದ ಮೇಲೆ ವರಾಛಾ ಬೇರೆಯೇ ಊರು. ರಸ್ತೆಯ ಅಗಲ ಆಗ ಕಾಣುತ್ತದೆ. ಹಕ್ಕಿಯ ದನಿ ಆಗ ಕೇಳುತ್ತದೆ.

ಅಕ್ಕ, ಭಾವ ಅಲ್ಲಿಗೆ ಹೋಗಿ ಹದಿನಾರು ವರ್ಷವಾಯಿತು. ಭಾವನದು ಎಂಬ್ರಾಯ್ಡರಿ ಮಷೀನು ರಿಪೇರಿ ಮಾಡುವ ಕೆಲಸ. ರಾಣೆಬೆನ್ನೂರಿನ ಮನುಷ್ಯ ಈಗ ಮೆಣಸಿನಕಾಯಿ ಬೈದರೂ ಗುಜರಾತಿಯಲ್ಲೇ ಬೈಯುತ್ತಾನೆ. ಅವರ ಮಗಳು ಹುಟ್ಟಿದ್ದೇ ಅಲ್ಲಿ. ಹನ್ನೊಂದು ವರ್ಷ. ಮನೆಯಲ್ಲಿ ನಮ್ಮ ಕನ್ನಡ, ಬಾಗಿಲ ಹೊರಗೆ ಅವರ ಭಾಷೆ.

“ಮಾಮಾ, ಈ ಸಲ ನನಗ ಡ್ರೆಸ್ ಬ್ಯಾಡ, ಫಿಂಚ್ ಬೇಕು” ಅಂದಳು.

ಫಿಂಚ್ ಅಂದರೆ ಅವಳ ಲೆಕ್ಕದಲ್ಲಿ ಗೆಳತಿಯ ಮನೆಯ ಬಾಲ್ಕನಿಯಲ್ಲಿ ನೋಡಿದ ಜೀಬ್ರಾ ಫಿಂಚ್: ಕಿತ್ತಳೆ ಕೆಂಪಿನ ಕೊಕ್ಕು, ಇಟ್ಟಿಗೆ ಬಣ್ಣದ ಕೆನ್ನೆ, ಬಾಲದ ಮೇಲೆ ಪಟ್ಟೆ. ಆಸ್ಟ್ರೇಲಿಯಾ ಮೂಲದ, ತಲೆತಲಾಂತರದಿಂದ ಪಂಜರದಲ್ಲೇ ಹುಟ್ಟಿ ಪಂಜರದಲ್ಲೇ ಸಾಯುವ ಹಕ್ಕಿ. ಅಂಗಡಿಗೆ ಹೋದೆವು. ಜೋಡಿಗೆ ಇಷ್ಟು, ಪಂಜರಕ್ಕೆ ಇಷ್ಟು, ನವಣೆಗೆ ಇಷ್ಟು ಎಂದು ಹೇಳುತ್ತಿದ್ದ ಅಂಗಡಿಯವ, ನಾನು ಪರವೂರಿನವನೆಂದು ಗೊತ್ತಾದ ಮೇಲೆ ದನಿ ತಗ್ಗಿಸಿದ. “ಲಾಲ್ ಬೇಕಾ? ನಾಳೆ ಬನ್ನಿ.”

ನಾನು ಮಗುವಿನ ಕೈ ಹಿಡಿದುಕೊಂಡು ಹೊರಗೆ ಬಂದೆ. ಫಿಂಚ್ ಸಿಗದ ಸಿಟ್ಟಿನಲ್ಲಿ ಅವಳು ಅರ್ಧ ದಾರಿ ಮಾತಾಡಲಿಲ್ಲ. ಆಮೇಲೆ ಕೇಳಿದಳು, “ಲಾಲ್ ಅಂದ್ರ ಏನು?”

ಅದಕ್ಕೆ ಉತ್ತರ ಹೇಳುವುದರಲ್ಲಿ ಆ ಸಲದ ರಜೆಯೇ ಕಳೆಯಿತು.

ಲಾಲ್ ಅಂದರೆ ನಮ್ಮ ಕೆಂಪು ರಾಟವಾಳ. ಗುಬ್ಬಚ್ಚಿಯ ಪಕ್ಕ ಕೂರಿಸಿದರೆ ಅದರ ಮರಿಯಂತೆ ಕಾಣುತ್ತದೆ. ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಸುಮಾರು 10 ಸೆಂಟಿಮೀಟರ್. ಮಳೆಗಾಲದಲ್ಲಿ ಗಂಡು ಹಣ್ಣಾದ ನೇರಳೆಯ ಪಕ್ಕದಲ್ಲಿ ದಾಳಿಂಬೆ ಬೀಜ ಇಟ್ಟ ಹಾಗೆ: ಮುಖ, ಎದೆ, ಬೆನ್ನಿನ ಕೆಳಭಾಗ ಗಾಢ ಕೆಂಪು, ರೆಕ್ಕೆ ಕಂದು, ಬಾಲ ಕಪ್ಪು. ಈ ಕೆಂಪಿನ ಮೇಲೆ, ರೆಕ್ಕೆಯ ಮೇಲೆ, ಪಕ್ಕೆಯ ಮೇಲೆ ರಂಗೋಲಿ ಪುಡಿ ಉದುರಿದಂತೆ ಬಿಳಿ ಚುಕ್ಕಿ. ಕೊಕ್ಕೂ ಕೆಂಪು. ಹೆಣ್ಣು ಒಣಹುಲ್ಲಿನ ಬಣ್ಣದ್ದು, ಬೆನ್ನ ಕೆಳಗೆ ಬಾಲದ ಬುಡದಲ್ಲಿ ಮಾತ್ರ ಕೆಂಪು. ಹಾರುವಾಗ ಆ ಕೆಂಪು ಕಂಡು ಮರೆಯಾಗುತ್ತದೆ.

ಇದು ಫಿಂಚ್ ಹೌದೋ ಅಲ್ಲವೋ ಎಂಬ ತಕರಾರು ಹಳೆಯದು. ಯೂರೋಪಿನವರು ಗೋಪುರದಂಥ ಗಿಡ್ಡ ಕೊಕ್ಕಿನಿಂದ ಕಾಳೊಡೆದು ತಿನ್ನುವ ಸಣ್ಣ ಹಕ್ಕಿಯನ್ನು ಎಲ್ಲಿ ಕಂಡರೂ ಫಿಂಚ್ ಅಂದರು. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ತನ್ನ ‘ಸಿಸ್ಟೆಮಾ ನ್ಯಾಚುರೇ’ಯ ಹತ್ತನೇ ಆವೃತ್ತಿಯಲ್ಲಿ ಇದನ್ನೂ ಫಿಂಚುಗಳ ಜೊತೆ ‘ಫ್ರಿಂಜಿಲಾ’ ಕುಲದಲ್ಲೇ ಸೇರಿಸಿದ. ರಾಟವಾಳಗಳ ಮನೆತನವೇ ಬೇರೆ, ಜೀಬ್ರಾ ಫಿಂಚೂ ಇವುಗಳದೇ ದಾಯಾದಿ ಎಂದು ಮುಂದಿನವರು ಬೇರ್ಪಡಿಸಿದರು. ಕಟ್ಟುನಿಟ್ಟಾಗಿ ಫಿಂಚ್ ಅನ್ನಿಸಿಕೊಳ್ಳುವಂಥದ್ದು ನಮ್ಮ ಕಡೆ ಕಾಣುವುದು ಚಳಿಗಾಲದಲ್ಲಿ ಹಿಮಾಲಯದ ಆಚೆಈಚೆಯಿಂದ ಇಳಿದು ಬರುವ ಗುಲಾಬಿ ಫಿಂಚ್. ಬಿದಿರು ಬೀಜ ಕಟ್ಟಿದ ಕಡೆ, ಕಾಡಂಚಿನ ಪೊದೆಗಳಲ್ಲಿ ಹಿಂಡು ಕಟ್ಟಿಕೊಂಡು ಇರುತ್ತದೆ. ಪಶ್ಚಿಮ ಘಟ್ಟದ ಕಾಡಿಗೂ ಬರುತ್ತದೆ. ಆದರೆ ಅದು ಅತಿಥಿ. ರಾಟವಾಳ ಮನೆಯದು. ಲಿನೇಯಸ್ ಹೇಳಿದ್ದೇ ಇರಲಿ, ಹುಡುಗಿಗೆ ಫಿಂಚ್ ಎಂದೇ ಹೇಳಿದೆ. ಇಂಗ್ಲಿಷಿನಲ್ಲಿ ಇಂದಿಗೂ ಅದಕ್ಕೆ ಸ್ಟ್ರಾಬೆರಿ ಫಿಂಚ್ ಎಂಬ ಹೆಸರು ಇದ್ದೇ ಇದೆ.

ಆದರೆ ಲಿನೇಯಸ್ ಇಟ್ಟ ಇನ್ನೊಂದು ಹೆಸರು ಉಳಿಯಿತು: ಅಮಂದವ. ಗುಜರಾತಿಗಳು ಅಹಮದಾಬಾದನ್ನು ಅಹಮದಾಬಾದ್ ಅನ್ನುವುದಿಲ್ಲ, ‘ಅಮ್ದಾವಾದ್’ ಅನ್ನುತ್ತಾರೆ. ಅದು ಪರದೇಶಿ ವ್ಯಾಪಾರಿಗಳ ಬಾಯಿಗೆ ಬಿದ್ದು ಅಮಾದವಾದ್, ಅಮದವತ್, ಅವದವತ್ ಆಯಿತು. ಮೊದಲು ಊರಿನ ಹೆಸರು, ಆಮೇಲೆ ಆ ಊರಿನಿಂದ ಪಂಜರದಲ್ಲಿ ಬರುವ ಹಕ್ಕಿಯ ಹೆಸರು. ಇಂಗ್ಲೆಂಡಿನ ಚಿತ್ರಕಾರ ಎಲಿಯಾಜರ್ ಆಲ್ಬಿನ್ 1730ರ ದಶಕದಲ್ಲೇ ಇದರ ಚಿತ್ರ ಬರೆದಿದ್ದ. ಲಿನೇಯಸ್ಸನ ಕೈಯಲ್ಲಿ ಅದು ಲ್ಯಾಟಿನ್ ಅಂಗಿ ತೊಟ್ಟು ಅಮಂದವ ಆಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಇವಕ್ಕೆ ಬೇರೆ ಕುಲ ಬೇಕಾದಾಗ ಅದಕ್ಕೂ ಅದೇ ಹೆಸರನ್ನಿಟ್ಟರು. ಹೀಗಾಗಿ ಕೆಂಪು ರಾಟವಾಳದ ಪೂರ್ತಿ ಶಾಸ್ತ್ರೀಯ ಹೆಸರು ಅಮಂದವ ಅಮಂದವ. ಅಹಮದ್ ಶಾಹ 1411ರಲ್ಲಿ ಕಟ್ಟಿಸಿದ ಊರನ್ನು ಜಗತ್ತಿನ ಪಕ್ಷಿತಜ್ಞರೆಲ್ಲ ಹೀಗೆ ಎರಡೆರಡು ಸಲ ಹೇಳುತ್ತಾರೆ, ಮುಕ್ಕಾಲು ಪಾಲು ಜನ ಗೊತ್ತಿಲ್ಲದೆಯೇ.

ಹಕ್ಕಿ ಅಹಮದಾಬಾದಿನದೇ ಏನು? ಖಂಡಿತ ಅಲ್ಲ. ಪಾಕಿಸ್ತಾನದಿಂದ ಹಿಡಿದು ಬಾಂಗ್ಲಾದೇಶ, ಬರ್ಮಾ, ದಕ್ಷಿಣ ಚೀನಾ, ಜಾವಾದವರೆಗೆ ಅದು ಇದೆ. ಮಂಡ್ಯದ ನಾಲೆಯ ಬದಿಗೂ ಇದೆ, ಹೆಸರಘಟ್ಟದ ಹುಲ್ಲುಗಾವಲಿನಲ್ಲೂ ಇದೆ. ಅಹಮದಾಬಾದ್ ಅದರ ತವರಲ್ಲ, ಅದನ್ನು ತುಂಬಿಸಿ ಕಳಿಸುತ್ತಿದ್ದ ಪೇಟೆ. ಬೇರೆ ಬೇರೆ ಊರಿನ ಮೆಣಸಿನಕಾಯಿಗೆಲ್ಲ ನಾವು ‘ಬ್ಯಾಡಗಿ’ ಅಂದುಬಿಡುವುದಿಲ್ಲವೇ, ಹಾಗೆ.

ಪೇಟೆ ಅಲ್ಲಿ, ರೇವು ಇಲ್ಲಿ. ಮೊಗಲರ ಕಾಲದಲ್ಲಿ ಗುಜರಾತಿನ ಬಟ್ಟೆ, ನೀಲಿ, ಶುಂಠಿ ಎಲ್ಲವೂ ಕಡಲಿಗೆ ಇಳಿಯುತ್ತಿದ್ದದ್ದು ತಾಪಿ ನದಿಯ ದಡದ ಸೂರತ್ತಿನಿಂದ. ಇಂಗ್ಲಿಷರ ಕೋಠಿ ಅಲ್ಲಿ ನೆಲೆಯೂರಿದ್ದು 1613ರಲ್ಲಿ. ಅವರ ಕಂಪನಿಯ ವೈದ್ಯ ಜಾನ್ ಫ್ರಯರ್ 1670ರ ದಶಕದಲ್ಲಿ ಸೂರತ್ತಿನಲ್ಲಿದ್ದ. ಕಂಡದ್ದು ಕೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಚಾಳಿ ಅವನಿಗೆ. 1698ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಅಹಮದಾಬಾದಿನಿಂದ ಬಂದ ಈ ಹಕ್ಕಿಗಳ ಮಾತು ಬರುತ್ತದೆ: ಒಂದೊಂದು ಪಂಜರಕ್ಕೆ ಐವತ್ತು, ಮುಖ್ಯ ಗಾಯಕನಂತೆ ಒಂದು ಹಕ್ಕಿ ಶುರು ಮಾಡಿದರೆ ಉಳಿದವೆಲ್ಲ ದನಿಗೂಡಿಸುತ್ತವೆ. ಮೈಮೇಲಿನ ಚುಕ್ಕಿಗೆ ಅವನು ಕೊಡುವ ಹೋಲಿಕೆ ದಡಾರದ ಗುಳ್ಳೆಯದು! ರಂಗೋಲಿ, ನಕ್ಷತ್ರ ಅಂತೆಲ್ಲ ನಮ್ಮಂಥವರು ಬರೆಯುತ್ತೇವೆ. ವೈದ್ಯನಿಗೆ ದಡಾರವೇ ಕಂಡಿತು.

ಇದೇ ಫ್ರಯರ್ ಕಾರವಾರಕ್ಕೂ ಬಂದಿದ್ದ. ಮೆಣಸಿನ ವ್ಯಾಪಾರದ ಕೋಠಿ ಅಲ್ಲಿತ್ತು. ಅಲ್ಲಿಂದ ಗೋಕರ್ಣಕ್ಕೆ ಹೋಗಿ ಶಿವರಾತ್ರಿಯ ಜಾತ್ರೆ ನೋಡಿದ್ದನ್ನೂ ಬರೆದಿದ್ದಾನೆ. ಕಾರವಾರದಿಂದ ಗೋಕರ್ಣಕ್ಕೆ ಹೋಗುವ ದಾರಿಯ ಗದ್ದೆಬಯಲುಗಳಲ್ಲಿ ರಾಟವಾಳಗಳೇನು ಕಡಿಮೆಯೇ? ಆದರೆ ಹಕ್ಕಿ ಅವನ ಗಮನಕ್ಕೆ ಬಿದ್ದದ್ದು ಸೂರತ್ತಿನ ಪಂಜರದಲ್ಲಿ. ಸರಕಾಗಿ ಬಂದದ್ದಕ್ಕೆ ಹೆಸರೂ ಸರಕಿನದೇ ಅಂಟಿಕೊಂಡಿತು.

ಪಕ್ಕದ ಮನೆಯ ಕಾಕಾ ಊರಿಗೆ ಹೋಗಿರಲಿಲ್ಲ, ಮೊಣಕಾಲು ನೋವು. ನಲವತ್ತು ವರ್ಷ ಘಂಟಿಯ ಮುಂದೆ ಕುಂತು ಎದ್ದವರು. ಈಗ ಮಗ ನೋಡಿಕೊಳ್ಳುತ್ತಾನೆ. ಕಾಕಾ ಹೊತ್ತು ಹೋಗದಿದ್ದಾಗ ಮಿನಿ ಬಜಾರಿಗೆ ಹೋಗಿ, ಕಾಗದದ ಪುಡಿಕೆಯಲ್ಲಿ ವಜ್ರ ಇಟ್ಟುಕೊಂಡು ರಸ್ತೆಯಲ್ಲೇ ವ್ಯಾಪಾರ ಮಾಡುವವರ ನಡುವೆ ನಿಂತು ಬರುತ್ತಾರೆ. ಸಂಜೆ ಅಕ್ಕ ಮಾಡಿದ ಚಹಾ ಕುಡಿಯುತ್ತ ಲಾಲ್ ವಿಷಯ ತೆಗೆದೆ.

“ತೂಕ ಎಷ್ಟು?” ಅಂದರು. ಬಣ್ಣ ಕೇಳಲಿಲ್ಲ, ದನಿ ಕೇಳಲಿಲ್ಲ, ತೂಕ ಕೇಳಿದರು!

ಒಂಬತ್ತು ಗ್ರಾಂ ಇರಬಹುದು ಅಂದೆ. ಕ್ಯಾರೆಟ್ಟು ಅಂದರೆ 200 ಮಿಲಿಗ್ರಾಂ. ಕಾಕಾ ಬೆರಳು ಮಡಚದೆ ಹೇಳಿದರು, “ನಲವತ್ತೈದು ಕ್ಯಾರೆಟ್.” ಆಮೇಲೆ ನಕ್ಕರು. “ಲಾಲ್ ಅಂದರೆ ಮಾಣಿಕ್ಯ ಅಂತಲೂ ಅರ್ಥ, ಗೊತ್ತೇನು? ನಲವತ್ತೈದು ಕ್ಯಾರೆಟ್ಟಿನ ಮಾಣಿಕ್ಯವನ್ನು ನಾವು ಹುಡುಗರು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ್ದೇವೆ.”

ಅಮ್ರೇಲಿಯ ಕಡೆಯ ಹಳ್ಳಿ ಅವರದು. ನೀರು ನಿಂತ ಕಡೆ ಬಲೆ ಹಾಸಿ, ನಡುವೆ ಒಂದು ಸಣ್ಣ ಪಂಜರದಲ್ಲಿ ಪಳಗಿದ ಹಕ್ಕಿಯನ್ನು ಇಡುತ್ತಿದ್ದರಂತೆ. ಅದು ಕೂಗುತ್ತದೆ, ಹಿಂಡು ಬಂದು ಇಳಿಯುತ್ತದೆ, ದಾರ ಎಳೆದರೆ ಆಯಿತು. ಹಿಂಡು ಬಿಟ್ಟು ಇರಲಾರದ ಸ್ವಭಾವವೇ ಅದಕ್ಕೆ ಮುಳುವು. “ಎರಡು ಗಂಡನ್ನು ಎದುರುಬದುರು ಬಿಟ್ಟರೆ ಕಾದಾಡುತ್ತಿದ್ದವು” ಅಂದರು. ಇದು ಬರೀ ಹಳ್ಳಿ ಹುಡುಗರ ಆಟವಲ್ಲ. ಬಂಗಾಳದ ಬಾಬುಗಳು ಮೂರು ಪಂಜರ ಸಾಲಾಗಿಟ್ಟು, ನಡುವಿನದರಲ್ಲಿ ಹೆಣ್ಣನ್ನು ಕೂರಿಸಿ, ಆಚೆಈಚೆಯ ಗಂಡುಗಳನ್ನು ಸ್ವಲ್ಪ ಹೊತ್ತಾದ ಮೇಲೆ ಬಿಟ್ಟು ಕಾದಾಡಿಸುತ್ತಿದ್ದರೆಂದು ಡಾರ್ವಿನ್ 1871ರ ತನ್ನ ‘ಡಿಸೆಂಟ್ ಆಫ್ ಮ್ಯಾನ್’ನಲ್ಲಿ ಬರೆದಿದ್ದಾನೆ. ಹೆಣ್ಣಿನ ಆಯ್ಕೆ, ಗಂಡಿನ ಬಣ್ಣ ಎಂಬ ತನ್ನ ವಾದಕ್ಕೆ ಅವನು ಜಗತ್ತಿನ ಮೂಲೆಮೂಲೆಯಿಂದ ಒಟ್ಟುಮಾಡಿದ ಸಾಕ್ಷಿಗಳಲ್ಲಿ ನಮ್ಮ ಒಂಬತ್ತು ಗ್ರಾಮಿನ ಜಟ್ಟಿಯೂ ಒಂದು.

“ಈಗ ಎಲ್ಲಿ ಸಿಗುತ್ತದೆ ಕಾಕಾ?”

“ಸಿಗುವುದೇಕೆ? ನೋಡಬೇಕಾದರೆ ಕಾಮರೇಜಿಗೆ ಹೋಗು. ನಾಲೆಯ ಮೇಲೆ, ಕಬ್ಬಿನ ಹತ್ತಿರ. ಬೆಳಿಗ್ಗೆ.”

ವರಾಛಾದ ಮುಖ್ಯ ರಸ್ತೆಯನ್ನು ಸರ್ಥಾಣಾದ ಪ್ರಾಣಿಸಂಗ್ರಹಾಲಯ ದಾಟಿ ಹಾಗೇ ಹಿಡಿದುಕೊಂಡು ಹೋದರೆ ಕಾಮರೇಜ್. ಕಟ್ಟಡಗಳು ಒಮ್ಮೆಲೇ ಮುಗಿದು ಕಬ್ಬು ಶುರುವಾಗುತ್ತದೆ. ತಾಪಿಗೆ ಕಾಕರಾಪಾರದಲ್ಲಿ ಅಡ್ಡಕಟ್ಟೆ ಕಟ್ಟಿ, ಮೇಲೆ ಉಕಾಯಿಯಲ್ಲಿ ಅಣೆಕಟ್ಟು ಎಬ್ಬಿಸಿದ ಮೇಲೆ ಈ ಸೀಮೆಗೆ ನಾಲೆ ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು. ಭಾವನ ಬೈಕಿನಲ್ಲಿ ನಾನೂ ಹುಡುಗಿಯೂ ಬೆಳಿಗ್ಗೆ ಏಳು ಗಂಟೆಗೆಲ್ಲ ಅಲ್ಲಿದ್ದೆವು. ನಾಲೆಯ ಬದಿಗೆ ಸೋರಿದ ನೀರು ನಿಂತು ಜೊಂಡು ಬೆಳೆದಿತ್ತು. ಜೊಂಡಿನ ಅಂಚಿಗೆ ಎದೆಯೆತ್ತರದ ಹುಲ್ಲು, ತೆನೆ ಹೊತ್ತು ಬಾಗಿತ್ತು. ಅದರ ಹಿಂದೆ ಕಬ್ಬು.

ಅರ್ಧ ಗಂಟೆ ಏನೂ ಇಲ್ಲ. ಹುಡುಗಿ ಮೊಬೈಲು ತೆಗೆದಳು, ಒಳಗಿಟ್ಟಳು, ಮತ್ತೆ ತೆಗೆದಳು. ಆಮೇಲೆ ತೆಳ್ಳಗೆ ‘ಸೀಪ್’ ಅಂತ ಒಂದು ದನಿ. ಯಾರೋ ಹಲ್ಲಿನ ಸಂದಿನಲ್ಲಿ ಗಾಳಿ ಎಳೆದುಕೊಂಡಂತೆ. ಅದರ ಬೆನ್ನಿಗೇ ಒಂದು ಹಿಡಿ ಕಾಳು ಎರಚಿದ ಹಾಗೆ ಹಿಂಡು ಬಂತು. ರೆಕ್ಕೆ ಕಾಣದಷ್ಟು ಬಿರುಸಾಗಿ ಬಡಿಯುತ್ತ ಬಂದು ಹುಲ್ಲಿನೊಳಗೆ ದಢಕ್ಕನೆ ಬಿತ್ತು. ಬಿದ್ದ ಮೇಲೆ ಏನೂ ಇಲ್ಲ, ಬರೀ ಹುಲ್ಲು. ಹುಲ್ಲು ಮಾತ್ರ ಅಲ್ಲಲ್ಲಿ ಅಲುಗುತ್ತದೆ.

ಈ ಹಕ್ಕಿಯನ್ನು ನೋಡುವ ಉಪಾಯ ಹುಲ್ಲನ್ನು ನೋಡುವುದು. ಒಂದು ತೆನೆ ಗಾಳಿಯಿಲ್ಲದೆ ಬಾಗಿತು. ಕಡ್ಡಿಯ ಮೇಲೆ ಅಡ್ಡಡ್ಡ ಹತ್ತುತ್ತ ಕಂದು ಬಣ್ಣದ ಒಂದು ಹೆಣ್ಣು ಮೇಲೆ ಬಂತು. ಎರಡು ಕಡ್ಡಿಗೆ ಒಂದೊಂದು ಕಾಲು ಊರಿ, ದೊಂಬರ ಹುಡುಗಿಯ ಹಾಗೆ ನಿಂತು, ತೆನೆಗೆ ಬಾಯಿ ಹಾಕಿತು. ಕೊಕ್ಕಿನೊಳಗೆ ಕಾಳನ್ನು ತಿರುಗಿಸುವುದು ದುರ್ಬೀನಿನಲ್ಲಿ ಸ್ಪಷ್ಟ ಕಂಡಿತು. ಹೊಟ್ಟು ಕೊಕ್ಕಿನ ಬದಿಯಿಂದ ಉದುರಿ ಎದೆಯ ಗರಿಯ ಮೇಲೆ ಅಂಟಿಕೊಂಡಿತು, ತಲೆ ಕೊಡವಿದಾಗ ಬಿತ್ತು. ಒಂದು ಕಾಳಿಗೆ ಒಂದು ಸೆಕೆಂಡೂ ಹಿಡಿಯುವುದಿಲ್ಲ. ಅಜ್ಜಿ ಮೊರದಲ್ಲಿ ಸಾವೆ ಕೇರಿದರೂ ಇಷ್ಟು ಚೊಕ್ಕಟವಾಗಿ ಹೊಟ್ಟು ಬಿಡುತ್ತಿರಲಿಲ್ಲ.

“ಇದು ಕೆಂಪ ಇಲ್ಲಲ್ಲ ಮಾಮಾ.”

ತಡೆ ಅಂದೆ. ಅದರ ಕೆಳಗೆ ಹುಲ್ಲಿನ ಬುಡದಿಂದ ಗಂಡು ಬಂತು. ಬೆಳಗಿನ ಓರೆ ಬಿಸಿಲು ಅದರ ಎದೆಗೆ ಬಿತ್ತು. ಹುಡುಗಿಯ ಬಾಯಿಂದ ಮಾತು ಬರಲಿಲ್ಲ. ದುರ್ಬೀನು ನನಗೆ ವಾಪಸು ಬರಲು ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷದಲ್ಲಿ ನಡೆದದ್ದನ್ನೆಲ್ಲ ಅವಳ ಬಾಯಿಂದ ಕೇಳಿದೆ: ಗಂಡು ಹೆಣ್ಣಿನ ಪಕ್ಕಕ್ಕೆ ಸರಿಯಿತು, ಇನ್ನೂ ಸರಿಯಿತು, ಮೈಗೆ ಮೈ ಹತ್ತಿತು, ಹೆಣ್ಣು ತಲೆಯ ಗರಿ ಉಬ್ಬಿಸಿ ಕತ್ತು ಓರೆ ಮಾಡಿತು, ಗಂಡು ಕೊಕ್ಕಿನಿಂದ ಕೆದರಿ ಕೆದರಿ… “ಹೇನು ತಗೀಲಿಕ್ಕತ್ತದ!”

ಹೇನಲ್ಲ, ಆದರೆ ಆ ಮಾತಿನಲ್ಲಿ ಹುರುಳಿದೆ. ಒಂದು ಇನ್ನೊಂದರ ತಲೆಗರಿ ತೀಡುವುದು ಈ ಹಕ್ಕಿಯ ದಿನನಿತ್ಯದ ಸಂಸಾರ. ಜೋಡಿಯ ನಡುವೆ ಮಾತ್ರವಲ್ಲ, ಹಿಂಡಿನವರ ನಡುವೆಯೂ ಇದೆ. ತನ್ನ ಕೊಕ್ಕು ತನ್ನ ತಲೆಗೆ ಎಟುಕದಲ್ಲ. ನಮ್ಮೂರಿನ ಕಟ್ಟೆಯ ಮೇಲೆ ಮಧ್ಯಾಹ್ನ ಹೆಂಗಸರು ಒಬ್ಬರ ಹಿಂದೆ ಒಬ್ಬರು ಕೂತು ತಲೆ ನೋಡುತ್ತಿದ್ದದ್ದು ನೆನಪಾಯಿತು.

ಹಿಂಡಿನಲ್ಲಿ ನಲವತ್ತರ ಮೇಲಿದ್ದವು. ಕೆಂಪಾಗಿದ್ದವು ಆರೋ ಏಳೋ. ಉಳಿದವೆಲ್ಲ ಹೆಣ್ಣೇ ಇರಬೇಕೆಂದೇನಿಲ್ಲ, ಆ ಹೊತ್ತಿಗೆ ಹಾರಲು ಕಲಿತ ಆ ವರ್ಷದ ಮರಿಗಳೂ ಇರುತ್ತವೆ. ಹೆಚ್ಚಿನ ಹಕ್ಕಿಗಳು ಬೇಸಿಗೆಯಲ್ಲೋ ಮಳೆಯ ಮೊದಲಲ್ಲೋ ಮರಿ ಮಾಡಿದರೆ ಕೆಂಪು ರಾಟವಾಳ ಹುಲ್ಲು ತೆನೆಗಟ್ಟುವುದನ್ನು ಕಾಯುತ್ತದೆ. ಮಳೆ ಹಿಡಿದು ಹುಲ್ಲು ಎದ್ದ ಮೇಲೆ, ನೆಲಕ್ಕೆ ಹತ್ತಿರದಲ್ಲೇ ಪೊದೆಯೊಳಗೆ, ಹುಲ್ಲೆಸಳು ಸುತ್ತಿ ಸುತ್ತಿ ಚೆಂಡಿನಂಥ ಗೂಡು ಕಟ್ಟುತ್ತದೆ. ಬಾಗಿಲು ಪಕ್ಕಕ್ಕೆ. ಒಳಗೆ ಗರಿಯ ಹಾಸಿಗೆ. ಐದಾರು ಬಿಳಿ ಮೊಟ್ಟೆ. ಆ ಕತ್ತಲೆ ಚೆಂಡಿನೊಳಗೆ ಮರಿಗಳ ಬಾಯಿ ಎಲ್ಲಿದೆಯೆಂದು ತಾಯಿಗೆ ತಿಳಿಯಬೇಕಲ್ಲ, ಅದಕ್ಕೆ ಈ ಮನೆತನದ ಮರಿಗಳ ಬಾಯೊಳಗೇ ಚುಕ್ಕಿಗಳ ಗುರುತು ಇರುತ್ತದೆ. ಹುಲ್ಲಿನ ಹಸಿಕಾಳು, ಸಿಕ್ಕರೆ ಗೆದ್ದಲು ಆಹಾರ.

ಇನ್ನು ಬಣ್ಣದ ಮಾತು. ರಾಟವಾಳಗಳ ದೊಡ್ಡ ಬಳಗದಲ್ಲಿ ಚುಕ್ಕೆ ರಾಟವಾಳ, ಬಿಳಿಬೆನ್ನಿನ ರಾಟವಾಳ, ಕರಿತಲೆ ರಾಟವಾಳ ಎಲ್ಲವೂ ಒಮ್ಮೆ ದೊಡ್ಡವಾದ ಮೇಲೆ ವರ್ಷವಿಡೀ ಒಂದೇ ಅಂಗಿಯಲ್ಲಿ ಇರುತ್ತವೆ. ಕೆಂಪು ರಾಟವಾಳದ ಗಂಡು ಮಾತ್ರ ಮದುವೆ ಅಂಗಿ ತೊಡುತ್ತದೆ, ಹಂಗಾಮು ಮುಗಿದ ಮೇಲೆ ಕಳಚಿ ಹೆಣ್ಣಿನ ಹಾಗೆ ಕಂದಾಗುತ್ತದೆ. ಕೊಕ್ಕು ಮೇ ತಿಂಗಳಲ್ಲಿ ಕೆಂಪೇರತೊಡಗುತ್ತದೆ, ನವೆಂಬರ್ ಡಿಸೆಂಬರಿನ ಹೊತ್ತಿಗೆ ಮಂಕಾಗತೊಡಗುತ್ತದೆ. ಹಗಲಿನ ಉದ್ದ ಹೆಚ್ಚು ಕಡಿಮೆಯಾಗುವುದಕ್ಕೂ ಇದಕ್ಕೂ ನಂಟಿದೆ. ಇದೇ ಹಕ್ಕಿಯನ್ನು ಪಂಜರದಲ್ಲಿ ವರ್ಷಗಟ್ಟಲೆ ಇಟ್ಟರೆ ಲೆಕ್ಕ ತಪ್ಪುತ್ತದೆ. ಬಿಸಿಲು, ಹಸಿಕಾಳು, ಹುಳು ಸಿಗದ ಗಂಡು ಎಷ್ಟೋ ಸಲ ಕಪ್ಪಿಗೆ ತಿರುಗಿಬಿಡುತ್ತದೆ. ಕೆಂಪಿಗಾಗಿ ಕೊಂಡವನ ಕೈಯಲ್ಲಿ ಉಳಿಯುವುದು ಕಾಡಿಗೆ ಬಣ್ಣದ ಒಂದು ಗುಬ್ಬಿ. ಇದನ್ನು ಅಂಗಡಿಯವ ಹೇಳುವುದಿಲ್ಲ, ಬಿಡಿ. ಕಂದು ರಾಟವಾಳಗಳಿಗೆ ಹಸಿರು, ಹಳದಿ ಬಣ್ಣ ಹಚ್ಚಿ ಮಾರುವವರೂ ಈ ವ್ಯಾಪಾರದಲ್ಲಿ ಇದ್ದಾರೆ. ಮೊದಲ ಮಳೆಗೆ ತೋಯ್ದಾಗ ಗೊತ್ತಾಗುತ್ತದೆ.

ನಿಜವಾದ ಹಸಿರು ರಾಟವಾಳ ಬೇರೆಯೇ ಇದೆ. ಅದೂ ಅಮಂದವ ಕುಲದ್ದೇ, ಅಂದರೆ ಅದರ ಮನೆತನದ ಹೆಸರೂ ಅಹಮದಾಬಾದೇ. ಕೊಕ್ಕು ಕೆಂಪು, ಬೆನ್ನು ಆಲಿವ್ ಹಸಿರು, ಹೊಟ್ಟೆ ಹಳದಿ, ಪಕ್ಕೆಯಲ್ಲಿ ಜೀಬ್ರಾದ ಪಟ್ಟೆ. ಜಗತ್ತಿನಲ್ಲಿ ಭಾರತದಲ್ಲಿ ಮಾತ್ರ ಇರುವ ಹಕ್ಕಿ. ಗುಜರಾತಿನ ಗಡಿ ದಾಟಿದರೆ ಸಿಗುವ ಅಬು ಬೆಟ್ಟ ಅದರ ಹೆಸರಾದ ತಾಣ. ಚೆಲುವೆಂಬುದೇ ಅದಕ್ಕೆ ಶಾಪ. ಹಿಡಿದು ಹಿಡಿದು ಮಾರಿ, ಈಗ ಅಳಿವಿನ ಅಪಾಯದ ಪಟ್ಟಿಯಲ್ಲಿದೆ.

ಪಂಜರದಲ್ಲಿ ಕೆಡದೆ ಬೆಳೆದದ್ದೂ ಒಂದಿದೆ, ಅದನ್ನು ಹೇಳದೆ ಹೋದರೆ ಏಕಪಕ್ಷವಾದೀತು. ನಮ್ಮ ಮಲೆನಾಡಿನ ಕಾಡಂಚಿನ ಬಿಳಿಬೆನ್ನಿನ ರಾಟವಾಳದ ಬಳಗ ಚೀನಾದಲ್ಲೂ ಇದೆ. ಅಲ್ಲಿಂದ ಜಪಾನಿಗೆ ಹೋಗಿ ಸುಮಾರು 250 ವರ್ಷದಿಂದ ಸಾಕುಹಕ್ಕಿಯಾಗಿ, ಬೆಂಗಾಲೀಸ್ ಫಿಂಚ್ ಅನ್ನಿಸಿಕೊಂಡಿದೆ. ಬಂಗಾಳಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ, ಮತ್ತೊಂದು ಪೇಟೆ ಹೆಸರು ಅಷ್ಟೆ. ಜಪಾನಿನ ವಿಜ್ಞಾನಿ ಕಜುವೊ ಒಕನೋಯಾ ಎರಡರ ಹಾಡನ್ನೂ ಹೋಲಿಸಿ ನೋಡಿದರು. ಕಾಡಿನದು ಒಂದೇ ಜಾಡಿನ ಸರಳ ಹಾಡು. ಪಂಜರದ್ದು ಅಡ್ಡದಾರಿ, ಕವಲುದಾರಿ ಹಿಡಿದು ತಿರುಗುವ ಹಾಡು. ಸಾಕಿದವರು ಹಾಡಿಗಾಗಿ ಆರಿಸಿದವರಲ್ಲ, ಮರಿ ಸಾಕುವ ಗುಣಕ್ಕಾಗಿ ಆರಿಸಿದವರು. ಶತ್ರುವಿನ ಭಯ ಇಲ್ಲದ, ತನ್ನ ಜಾತಿಯವರೆಂದು ಸಾರಿ ಹೇಳುವ ಜರೂರು ಇಲ್ಲದ ಕಡೆ ಹಾಡು ತಾನಾಗಿ ಸಡಿಲವಾಯಿತು ಎಂಬುದು ಅವರ ವಿವರಣೆ. ಫ್ರಯರ್ ಕೇಳಿದ ಐವತ್ತು ಹಕ್ಕಿಗಳ ಗೋಷ್ಠಿ ಮಾತ್ರ ಆ ಜಾತಿಯದಲ್ಲ. ಅದು ಆಗತಾನೆ ಹುಲ್ಲಿನಿಂದ ಹಿಡಿದು ತಂದವುಗಳದು. ಹಿಂಡು ಚದುರದಂತೆ ಒಂದು ಇನ್ನೊಂದನ್ನು ಕೂಗುವ ಹಕ್ಕಿಗಳು ಚದುರಲು ಜಾಗವೇ ಇಲ್ಲದ ಕಡೆ ಕೂಗುತ್ತಿದ್ದವು.

ಕಾಡುಹಕ್ಕಿಗಳ ಈ ವ್ಯಾಪಾರಕ್ಕೆ ಕಾನೂನು ಪೂರ್ತಿ ಬಾಗಿಲು ಹಾಕಿದ್ದು 1990–91ರಲ್ಲಿ. ಅದಕ್ಕೂ ಮೊದಲೇ ಲಾಲ್ ಹಡಗು, ವಿಮಾನ ಹತ್ತಿ ಎಲ್ಲೆಲ್ಲೋ ಹೋಗಿ, ಪಂಜರದಿಂದ ತಪ್ಪಿಸಿಕೊಂಡು ಸಂಸಾರ ಹೂಡಿತ್ತು. ಸ್ಪೇನ್, ಪೋರ್ಚುಗಲ್, ಈಜಿಪ್ಟ್, ಫಿಜಿ, ಹವಾಯಿ, ಜಪಾನ್ ಎಲ್ಲ ಕಡೆ ಇಂದು ಅಮಂದವ ಇದೆ. ಸ್ಪೇನಿನ ಗ್ವಾದಿಯಾನಾ ನದಿಯ ಜೊಂಡಿನಲ್ಲಿ ಕೂತು ‘ಸೀಪ್’ ಅನ್ನುವ ಹಕ್ಕಿಗೂ ಹೆಸರು ಸಾಬರಮತಿ ದಡದ ಊರಿನದೇ.

ಆ ಊರಿನಲ್ಲಿ ಮಾತ್ರ ಅದನ್ನು ನೋಡಿದೆನೆನ್ನುವವರು ಸಿಗಲಿಲ್ಲ. ಎರಡು ವರ್ಷದ ಹಿಂದೆ ಅಹಮದಾಬಾದಿನಲ್ಲಿ ‘ಪೋಳು’ ಎಂದು ಕರೆಯುವ ಹಳೆಯ ಓಣಿಗಳಲ್ಲಿ ಒಂದು ದಿನ ಅಡ್ಡಾಡಿದ್ದೆ. ಓಣಿಗೊಂದು ಚಬೂತರೋ: ಕಂಬದ ಮೇಲೆ ಕೆತ್ತನೆಯ ಮರದ ಮಂಟಪ, ಅದರಲ್ಲಿ ಹಕ್ಕಿಗೆ ಕಾಳು. ಮನುಷ್ಯರ ಮನೆಗಿಂತ ಅದರ ಕೆತ್ತನೆ ಚೆಂದ. ಪಾರಿವಾಳ, ಗಿಳಿ, ಅಳಿಲು ಎಲ್ಲ ಬಂದು ತಿನ್ನುತ್ತಿದ್ದವು. ಹಕ್ಕಿಗೆ ಇಷ್ಟು ಮರ್ಯಾದೆ ಕೊಡುವ ಇನ್ನೊಂದು ಊರನ್ನು ನಾನು ನೋಡಿಲ್ಲ, ವ್ಯಂಗ್ಯವಾಡುತ್ತಿಲ್ಲ. ಆದರೆ ರಾಟವಾಳ ಕಂಬದ ಮೇಲಿನ ಜೋಳಕ್ಕೆ ಬರುವ ಹಕ್ಕಿಯಲ್ಲ. ಅದಕ್ಕೆ ಬೇಕಾದದ್ದು ನೀರಿನ ಪಕ್ಕದ, ಯಾರೂ ಕೊಯ್ಯದ, ತೆನೆಬಿಟ್ಟ ಹುಲ್ಲು. ಸಾಬರಮತಿಯ ಎರಡೂ ದಡಕ್ಕೆ ಈಗ ಹತ್ತಾರು ಕಿಲೋಮೀಟರ್ ಕಾಂಕ್ರೀಟು ಗೋಡೆ, ಮೇಲೆ ವಾಕಿಂಗ್ ದಾರಿ. ಸಂಜೆ ಓಡಾಡಲು ಸೊಗಸಾಗಿದೆ; ನಾನೂ ಓಡಾಡಿದೆ. ಹಕ್ಕಿ ನೋಡಬೇಕೆಂದರೆ ಊರ ಹೊರಗಿನ ಥೋಳ್ ಕೆರೆಗೋ, ವಡೋದರಾದ ಬದಿಯ ವಢವಾಣಾ ಕೆರೆಗೋ ಹೋಗಬೇಕು. ಎರಡೂ ಹಿಂದಿನ ಸಂಸ್ಥಾನದವರು ನೀರಾವರಿಗೆಂದು ಕಟ್ಟಿಸಿದವು, 2021ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದವು. ಕೆರೆಗೆ ಬೇಲಿ ಬಂತು, ಬೋರ್ಡು ಬಂತು. ನಾಲೆ ಬದಿಯ ಸೋರುನೀರಿಗೆ ಯಾವ ಬೋರ್ಡೂ ಇಲ್ಲ. ಕಾಮರೇಜಿನ ಆ ಹುಲ್ಲಿನ ಪಟ್ಟೆ ಅಗಲದಲ್ಲಿ ಅಕ್ಕನ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಷ್ಟೂ ಇರಲಿಕ್ಕಿಲ್ಲ.

ದೀಪಾವಳಿ ಕಳೆದ ಮೇಲೆ ಇನ್ನೊಮ್ಮೆ ಹೋಗಿದ್ದೆವು. ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾಗಿತ್ತು. ಡಾಂಗ್‌ನ ಕಡೆಯಿಂದ ಕಬ್ಬು ಕಡಿಯುವವರು ಬಂದು ನಾಲೆಯ ಬದಿಗೆ ಗುಡಿಸಲು ಹಾಕುತ್ತಿದ್ದರು. ಹುಲ್ಲಿನ ಅರ್ಧ ಪಾಲು ಗುಡಿಸಲಿನ ನೆಲವಾಗಿತ್ತು, ಕಾಲು ಪಾಲು ಮಾಡಾಗಿತ್ತು. ಉಳಿದ ಕಾಲು ಪಾಲಿನಲ್ಲಿ ಹಿಂಡು ಇತ್ತು. ಕಡಿಮೆ ಆದಂತೆ ಅನ್ನಿಸಿತು, ಆದರೆ ಅದು ನನ್ನ ಕಣ್ಣಿನ ಅಂದಾಜು. ಒಬ್ಬಳು ಹೆಂಗಸು ನಮ್ಮನ್ನು ನೋಡಿ, ಏನು ಕಳೆದುಕೊಂಡಿರಿ ಎಂದು ಕೇಳಿದಳು. ಹುಡುಗಿ ಗುಜರಾತಿಯಲ್ಲಿ ಏನೋ ಹೇಳಿದಳು. ಆ ಹೆಂಗಸು ಕೊಯ್ತಾ ಕೆಳಗಿಟ್ಟು, ಗುಡಿಸಲಿನ ಹಿಂದೆ ಕರೆದುಕೊಂಡು ಹೋಗಿ, ಮಾಡಿಗೆಂದು ಕೊಯ್ದಿಟ್ಟ ಹುಲ್ಲಿನ ಕಂತೆಯೊಂದನ್ನು ಬಿಚ್ಚಿ ತೋರಿಸಿದಳು. ಒಳಗೆ ಮುಷ್ಟಿಗಿಂತ ತುಸು ದೊಡ್ಡ ಚೆಂಡು. ಪಕ್ಕದಲ್ಲಿ ಎರಡು ಬೆರಳು ಹಿಡಿಯುವಷ್ಟು ತೂತು. ಒಳಗೆ ಬೂದುಬಣ್ಣದ ಗರಿ ಮೆತ್ತಿಕೊಂಡಿತ್ತು, ಹಳೆಯ ಹಿಕ್ಕೆ ಒಣಗಿ ಅಂಚಿಗೆ ಗಟ್ಟಿಯಾಗಿತ್ತು. ಮರಿ ಹಾರಿಹೋದ ಗೂಡು. ಹೆಂಗಸು ಅದನ್ನು ಹುಡುಗಿಯ ಕೈಗೆ ಕೊಟ್ಟಳು.

ಊರಿಗೆ ಹೊರಡುವ ದಿನ ಭಾವನೂ ಹುಡುಗಿಯೂ ಬಸ್ಸು ಹತ್ತಿಸಲು ವರಾಛಾ ರಸ್ತೆಗೆ ಬಂದಿದ್ದರು. ಗೂಡು ಟಿಫಿನ್ ಡಬ್ಬಿಯೊಂದರಲ್ಲಿ ಅವಳ ಕೈಯಲ್ಲೇ ಇತ್ತು. ಕಾಕಾನಿಗೆ ತೋರಿಸಿಯಾಗಿತ್ತು, ಅವರು ತೂಕ ಹಾಕಿಯೂ ಆಗಿತ್ತು. ನನ್ನ ಬಸ್ಸು ತಡ. ಎದುರಿಗೆ ಉತ್ತರದ ಕಡೆಗೆ ಹೋಗುವ ಬಸ್ಸು ನಿಂತಿತ್ತು, ಕ್ಲೀನರ್ ಬಾಗಿಲಿಗೆ ಜೋತುಬಿದ್ದು ಕೈಯಿಂದ ತಗಡು ಬಡಿಯುತ್ತ ಕೂಗುತ್ತಿದ್ದ, “ಅಮ್ದಾವಾದ್ ಅಮ್ದಾವಾದ್! ಅಮ್ದಾವಾದ್ ಅಮ್ದಾವಾದ್!”

ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಎರಡು ಹೆಜ್ಜೆ ಮುಂದೆ ಹೋಗಿ, ಅಷ್ಟೇ ಜೋರಾಗಿ ತಿರುಗಿ ಕೂಗಿದಳು, “ಅಮಂದವ ಅಮಂದವ!”

ಕ್ಲೀನರ್ ತಲೆ ಹೊರಹಾಕಿ ನೋಡಿದ. ಯಾವುದೋ ಸೀಮೆಯವರು, ಉಚ್ಚಾರ ಹಾಗೆ ಅಂದುಕೊಂಡಿರಬೇಕು. “ಬೈಠೋ ಬೈಠೋ,” ಅಂದ, “ಮೂರು ಸೀಟು ಖಾಲಿ ಇವೆ.”